ಎರಡು ಅಡಿ ಎರಡು ಇಂಚು

ಮಾನ್ಯ ಅಧ್ಯಕ್ಷರೇ, ಧಾರವಾಡದಿಂದ ಬೆಳಗಿನ ಬಸ್ಸಿಗೆ ಹೊರಟು ನಮ್ಮ ರಸ್ತೆಯ ಹೊಂಡಗಳನ್ನೆಲ್ಲ ಒಂದೊಂದಾಗಿ ಪರಿಚಯ ಮಾಡಿಕೊಂಡು ಬಂದ ಮುಖ್ಯ ಅತಿಥಿಗಳಾದ ಪ್ರಾಧ್ಯಾಪಕರೇ, ಮೂರು ತಾಲೂಕು ಗ್ರಾಮೀಣ ತಂತ್ರಜ್ಞಾನ ವೇದಿಕೆಯ ಪದಾಧಿಕಾರಿಗಳೇ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಬಂದ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಶ್ರೀಮತಿ ನೀಲಾ ಅವರೇ, ಕಿಟಕಿಯ ಪಕ್ಕದ ಕುರ್ಚಿಯೇ ಬೇಕೆಂದು ಹಟ ಹಿಡಿದು ಕುಳಿತಿರುವ ನೀಲಾಳ ಅಣ್ಣ, ಅಂದರೆ ನನ್ನ ಭಾವ, ಮನ್ಮನೆಯ ರಾಮ ಹೆಗಡೆಯವರೇ, ಮತ್ತು ಸಭಿಕರೇ. ಭಾವನಿಗೆ ಕಿಟಕಿ ಯಾಕೆ ಬೇಕೆಂದು ಎಲೆಯಡಿಕೆಯ ಕವಳ ಹಾಕುವವರಿಗೆ ನಾನು ಹೇಳಬೇಕಾಗಿಲ್ಲ. ಹಾಕದವರು ಆ ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸಬೇಡಿ.

ನನಗೆ ಕೊಟ್ಟ ವಿಷಯ ‘ಅಂತರ್ಜಾಲದ ಸಾಧನಗಳು ಮತ್ತು ಸಾಮೂಹಿಕ ವಿನ್ಯಾಸ’. ಕೊಟ್ಟ ಸಮಯ ಹದಿನೈದು ನಿಮಿಷ. ಕೊಟ್ಟ ಶಾಲು ಚೆನ್ನಾಗಿದೆ, ಜನವರಿಯ ಚಳಿಗೆ ಅನುಕೂಲ, ವಾಪಸ್ ಕೇಳಿದರೂ ಕೊಡುವುದಿಲ್ಲ. ನನ್ನ ಎಡಗಡೆ ಮೇಜಿನ ಮೇಲೆ ರೇಷ್ಮೆ ಬಟ್ಟೆ ಹೊದ್ದು ಕುಳಿತಿರುವುದು ದೇವರಲ್ಲ, ಹಲಸಿನ ಹಪ್ಪಳ ಒತ್ತುವ ಮಣೆ. ಇಂಥ ನಲವತ್ತು ಮಣೆಗಳನ್ನು ನಮ್ಮ ವೇದಿಕೆ ಮೂರು ತಾಲೂಕಿನ ನಲವತ್ತು ಮಹಿಳಾ ಸಂಘಗಳಿಗೆ ಕೊಡುತ್ತಿದೆ. ಪ್ರತಿಯೊಂದರ ಒತ್ತುವ ಹಲಗೆಯ ಮೇಲೂ ಒಂದು ಹಿತ್ತಾಳೆ ಫಲಕ. ಆ ಫಲಕದ ಮೇಲೆ ‘ವಿನ್ಯಾಸ: ಸುಬ್ರಾಯ ಹೆಗಡೆ, ಮತ್ತಿಘಟ್ಟ’ ಎಂದಿದೆ, ಅದನ್ನು ಅಧ್ಯಕ್ಷರು ಅನಾವರಣ ಮಾಡುತ್ತಾರೆ ಎಂದು ನಿಮ್ಮ ಕೈಯಲ್ಲಿರುವ ಆಮಂತ್ರಣದಲ್ಲಿ ಅಚ್ಚಾಗಿದೆ. ನೀವು ಓದಿದ್ದೀರಿ. ನಾನಂತೂ ಮೂವತ್ತು ಸಲ ಓದಿದ್ದೇನೆ. ಆದರೆ ಅಧ್ಯಕ್ಷರೇ, ದಯವಿಟ್ಟು ನನ್ನ ಮಾತು ಮುಗಿಯುವ ತನಕ ಆ ಬಟ್ಟೆಗೆ ಕೈ ಹಾಕಬೇಡಿ. ಫಲಕದ ವಿಷಯವೇ ನನ್ನ ಇವತ್ತಿನ ವಿಷಯ.

ನಾನು ಯಾರು? ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು. ಡ್ರಾಯಿಂಗ್ ಮಾಸ್ತರು ಅಂದರೆ ಏನು ಗೊತ್ತೇ? ಗಣಿತದ ಮಾಸ್ತರರಿಗೆ ಜ್ವರ ಬಂದರೆ ಅವರ ತರಗತಿಯಲ್ಲಿ ಮಕ್ಕಳನ್ನು ಸುಮ್ಮನಿರಿಸುವವನು. ವಾರ್ಷಿಕೋತ್ಸವ ಬಂದರೆ ಪರದೆ ಬರೆಯುವವನು. ಅರಮನೆ, ಕಾಡು, ಸಮುದ್ರ, ಎಲ್ಲ ನನ್ನವೇ. ಆ ಸಮುದ್ರದ ಮುಂದೆ ಎಷ್ಟು ರಾಜರು ಕುಣಿದರು! ಪರದೆ ಬರೆದವರು ಯಾರು ಎಂದು ಒಬ್ಬ ಉದ್ಘೋಷಕನೂ ಹೇಳಲಿಲ್ಲ. ಒಮ್ಮೆ ಮಾತ್ರ ಸಮುದ್ರದ ಮೂಲೆಯಲ್ಲಿ ಸಣ್ಣದಾಗಿ ‘ಸು. ಹೆ.’ ಎಂದು ಬರೆದಿದ್ದೆ. ಮುಖ್ಯೋಪಾಧ್ಯಾಯರು ಅದನ್ನು ಮೀನೆಂದು ತಿಳಿದು ಚೆನ್ನಾಗಿದೆ ಎಂದರು.

ಇನ್ನು ನಮ್ಮ ಭಾವ. ಅವನೂ ನಾನೂ ಒಂದೇ ವರ್ಷ ಪಿಯುಸಿ ಕಟ್ಟಿದವರು. ಅವನು ಫಸ್ಟ್ ಕ್ಲಾಸ್, ನಾನು ಫೇಲು. ಇದು ನನ್ನ ಮದುವೆ ಮಾತುಕತೆಯಲ್ಲೂ ಬಂತು, ಉಪನಯನದಲ್ಲೂ ಬಂತು, ಯಾರದೋ ಬೊಜ್ಜದ, ಅಂದರೆ ವೈಕುಂಠದ, ಊಟದ ಪಂಕ್ತಿಯಲ್ಲೂ ಬಂತು. ಆದ್ದರಿಂದ ಒಂದು ಹಿತ್ತಾಳೆ ತುಂಡಿನ ಮೇಲೆ ನನ್ನ ಹೆಸರು ಬರುತ್ತದೆ ಎಂದಾಗ ನನಗೆ ಎಷ್ಟು ಸಂತೋಷವಾಗಿರಬೇಡ? ಆ ಫಲಕ ನನಗೆ ಬೇಕಾಗಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಸುಳ್ಳು ಯಾಕೆ ಹೇಳಲಿ?

ಹಪ್ಪಳದ ಮಣೆಯೇ ಯಾಕೆ ಎಂದು ಪ್ರಾಧ್ಯಾಪಕರು ಆಗಲೇ ಚಹಾ ಕುಡಿಯುವಾಗ ಕೇಳಿದರು. ಹಲಸಿನ ತೊಳೆ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಬಾಳೆಲೆಯ ನಡುವೆ ಇಟ್ಟು, ಮೇಲೊಂದು ಹಲಗೆ ಇಟ್ಟು ಒತ್ತಿದರೆ ಹಪ್ಪಳ. ನಮ್ಮ ಅಮ್ಮ ಹಲಗೆ ಇಟ್ಟು ನನ್ನನ್ನು ಕರೆಯುತ್ತಿದ್ದಳು. ನಾನು ಆ ಹಲಗೆಯ ಮೇಲೆ ಕುಕ್ಕುರು ಕೂರಬೇಕು. ಅವಳು “ಏಳು” ಎಂದರೆ ಏಳಬೇಕು. ಕೂರು, ಏಳು, ಕೂರು, ಏಳು. ನನ್ನ ಜೀವನದ ಮೊದಲ ಉದ್ಯೋಗ ಅದು, ತೂಕದ ಕಲ್ಲು. ನಾನು ಶಾಲೆಗೆ ಹೋದ ಮೇಲೆ ಅವಳು ಕೈಯಲ್ಲೇ ಒತ್ತಿದಳು. ಕೊನೆಕೊನೆಗೆ ಅವಳ ಬಲಗೈ ಕಿವಿಯ ತನಕವೂ ಏಳುತ್ತಿರಲಿಲ್ಲ, ತಲೆಗೂದಲು ಗಂಟು ಕಟ್ಟಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ನಾನು ಆಗ ಊರಿಗೆಲ್ಲ ಸಮುದ್ರ ಬರೆಯುತ್ತಿದ್ದೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಇರಲಿ.

ನಿವೃತ್ತನಾದ ಮೇಲೆ, ೨೦೦೬ರಲ್ಲಿ, ಮಣೆ ಮಾಡುವ ಹುಚ್ಚು ಹಿಡಿಯಿತು. ಶಿರಸಿಯಲ್ಲಿ ಸೈಬರ್ ಕೆಫೆ ಇಟ್ಟಿರುವ ಸುಹಾಸ ನನ್ನ ಹಳೆಯ ವಿದ್ಯಾರ್ಥಿ. ನಾನು ಹಿಂಡಿದ ಕಿವಿಗಳಲ್ಲಿ ಅವನದು ಎಡಗಿವಿ. “ಮಾಸ್ತರೇ, ಇಂಟರ್ನೆಟ್‌ನಲ್ಲಿ ಹಾಕನ, ನಾಕು ಜನ ಸೇರಿ ಮಾಡಿದ್ರೆ ಚೊಲೋ ಆಗ್ತದೆ” ಎಂದ. ಮೊದಲು ಒಂದು ಇ-ಮೇಲ್ ಗುಂಪು ಮಾಡಿದೆವು. ಅರವತ್ತು ಜನ ಸೇರಿದರು. ಮೂರು ತಿಂಗಳಲ್ಲಿ ಮಣೆಯ ಬಗ್ಗೆ ಬಂದ ಪತ್ರ ಎರಡು. ಉಳಿದದ್ದು ಗಣಪತಿಯ ಚಿತ್ರ, ಹಬ್ಬದ ಶುಭಾಶಯ, ಕಳೆದುಹೋದ ಎಮ್ಮೆಯ ಗುರುತು, ಮತ್ತು ಒಬ್ಬರು ತಮ್ಮ ಮಗಳ ಜಾತಕವನ್ನು ಅರವತ್ತೂ ಜನಕ್ಕೆ ಕಳಿಸಿದ್ದು. ಮದುವೆ ಆಯಿತು ಎಂದು ಕೇಳಿದೆ. ಗುಂಪಿನಿಂದ ಆದ ಒಂದೇ ಕೆಲಸ ಅದು.

ಆಮೇಲೆ ಸುಹಾಸ ಒಂದು ಪುಟ ಮಾಡಿಕೊಟ್ಟ. ಇದನ್ನು ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ನಾನು ಸಿಕ್ಕಿಬಿದ್ದದ್ದು ಇಲ್ಲೇ. ಅಂತರ್ಜಾಲದಲ್ಲಿ ಒಂದು ಹಾಳೆ ಎಂದು ತಿಳಿಯಿರಿ. ಮೇಲೆ ನಾನು ಪೆನ್ಸಿಲಿನಲ್ಲಿ ಬರೆದ ಚಿತ್ರ, ಸ್ಕ್ಯಾನ್ ಮಾಡಿ ಹಾಕಿದ್ದು. ಕೆಳಗೆ ಅಳತೆಯ ಪಟ್ಟಿ: ಹಲಗೆ ಇಷ್ಟು, ಕಂಬ ಇಷ್ಟು, ಹಿಡಿಕೆಯ ಎತ್ತರ ಇಷ್ಟು. ಈ ಪಟ್ಟಿಯನ್ನು ಎಲ್ಲಿಂದ ಬೇಕಾದರೂ ಯಾರು ಬೇಕಾದರೂ ತಿದ್ದಬಹುದು. ತಿದ್ದಿದರೆ ಪಕ್ಕದಲ್ಲೊಂದು ಚೌಕ, ಅದರಲ್ಲಿ ಕಾರಣ ಬರೆಯಬೇಕು. ತಿದ್ದಿದ್ದು ಸರಿಯಿಲ್ಲವೇ? ಇನ್ನೊಬ್ಬ ಬಂದು ಹಿಂದಿನದನ್ನೇ ವಾಪಸ್ ಹಾಕಬಹುದು. ಎಲ್ಲದಕ್ಕಿಂತ ಕೆಳಗೆ ‘ಇತಿಹಾಸ’ ಎಂಬ ಒಂದು ಗುಂಡಿ. ಅದನ್ನು ನಾನು ಎರಡು ವರ್ಷ ಒತ್ತಲೇ ಇಲ್ಲ. ಇತಿಹಾಸದಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ ಕಡಿಮೆ.

‘ಯಾರು ಬೇಕಾದರೂ ತಿದ್ದಬಹುದು’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಮೂರು ತಾಲೂಕಿನ ಸೈಬರ್ ಕೆಫೆಗಳ ಗೋಡೆಗೆ ಅಂಟಿಸಿದವನು ನಾನೇ. ಯಾಕೆ ಬರೆಸಿದೆ? ಓದಲು ಚೆನ್ನಾಗಿತ್ತು. ಯಾರಾದರೂ ನಿಜವಾಗಿ ತಿದ್ದುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮದುವೆ ಮನೆಯಲ್ಲಿ “ಯಾವಾಗ ಬೇಕಾದರೂ ಮನೆಗೆ ಬನ್ನಿ” ಎನ್ನುತ್ತೇವಲ್ಲ, ಆ ಜಾತಿಯ ಮಾತು ಅದು.

ಕಬ್ಬಿಣದ ಕೆಲಸಕ್ಕೆ ಯಲ್ಲಾಪುರದ ಸಂಜಯ ಸಿಕ್ಕಿದ. ಹೆದ್ದಾರಿಯ ಪಕ್ಕ ಲಾರಿ ಗ್ಯಾರೇಜು ಅವನದು. ಒತ್ತಿದ ಮೇಲೆ ಹಲಗೆ ತಾನಾಗಿ ಮೇಲೇಳಲಿ ಎಂದು ಲಾರಿ ಚಕ್ರದ ಮೇಲಿನ ಬಾಗಿದ ಉಕ್ಕಿನ ಪಟ್ಟಿ, ಅಂದರೆ ಪಾಟಾದಿಂದ ಒಂದು ತುಂಡು ಕತ್ತರಿಸಿ ಸ್ಪ್ರಿಂಗು ಮಾಡಿದ. ಭೇಷ್! ನಾನು ಹಿಡಿಕೆಯ ಎತ್ತರ ನೆಲದಿಂದ ಮೂರು ಅಡಿ ಎಂದು ಬರೆದಿದ್ದೆ. ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನೇ ಒಂದು ಹಪ್ಪಳ ಒತ್ತಿದೆ. ಹುಣ್ಣಿಮೆ ಚಂದ್ರನ ಹಾಗೆ ಬಂತು. ನೀಲಾ ಒಳಗಿಂದ ಬಂದು ನೋಡಿ ಏನೋ ಹೇಳಿದಳು. ಏನು ಹೇಳಿದಳು? ಗೊತ್ತಿಲ್ಲ, ನಾನು ಚಂದ್ರನನ್ನು ನೋಡುತ್ತಿದ್ದೆ.

೨೦೦೭ರ ಮಾರ್ಚಿನ ಒಂದು ಗುರುವಾರ ಪುಟ ತೆರೆದರೆ ಹಿಡಿಕೆಯ ಎತ್ತರ ಎರಡು ಅಡಿ ಎರಡು ಇಂಚು! ತಿದ್ದಿದವರ ಹೆಸರು ‘ಮನ್ಮನೆ’. ಕಾರಣದ ಚೌಕದಲ್ಲಿ ‘ಕೂತು ಒತ್ತಿ ನೋಡಿ’ ಎಂಬ ಮೂರೇ ಪದ. ಯಾರಪ್ಪ ಇವನು, ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವನಿಗೆ ಅಳತೆ ಹೇಳುವವನು? ಸಿಟ್ಟು ನೆತ್ತಿಗೇರಿತು. ಮೂರು ಅಡಿ ಎಂದು ವಾಪಸ್ ಹಾಕಿದೆ. ಕಾರಣ: ‘ತಜ್ಞರ ಅಭಿಪ್ರಾಯ’. ಮುಂದಿನ ಬುಧವಾರ ಮತ್ತೆ ಎರಡು ಅಡಿ ಎರಡು ಇಂಚು. ಕಾರಣ: ‘ಭುಜ ನೋಯ್ತದೆ’. ಗುರುವಾರ ನಾನು ಮೂರು ಅಡಿ. ಬುಧವಾರ ಅವರು ಎರಡು ಎರಡು. ಐದು ವಾರ ನಡೆಯಿತು ಈ ಜಗ್ಗಾಟ. ಸಂಜಯ ಯಲ್ಲಾಪುರದಿಂದ ಫೋನು ಮಾಡಿ ಗೋಳಾಡಿದ: “ಮಾಸ್ತರ್, ನೀವು ಮೂರು ಫೂಟ್ ಅಂತೀರಿ, ಬುಧವಾರ ಬಂತಂದ್ರ ಅದು ಎರಡು ಫೂಟ್ ಎರಡು ಇಂಚ್ ಆಗ್ತೈತಿ. ನಾ ಯಾವುದಕ್ಕ ಕಟ್ ಮಾಡ್ಲಿರಿ?”

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಮನ್ಮನೆ ಎಂದರೆ ಎಲ್ಲಿ? ಸಿದ್ದಾಪುರ ತಾಲೂಕು, ನನ್ನ ಹೆಂಡತಿಯ ತವರು. ಮನ್ಮನೆಯಲ್ಲಿ ನನ್ನ ತಪ್ಪು ಹುಡುಕುವ ಮನುಷ್ಯ ಯಾರು? ಫಸ್ಟ್ ಕ್ಲಾಸ್ ಪಾಸಾದವರು ಯಾರು? ಇಷ್ಟು ಹಟಮಾರಿ ಸಂಬಂಧಿಕನಲ್ಲದೆ ಬೇರೆ ಯಾರಿರಲು ಸಾಧ್ಯ? ಭಾವ! ರಾಮ ಭಾವ! ಊರಿನ ಹೆಸರಿನ ಹಿಂದೆ ಅಡಗಿ ಕೂತಿದ್ದಾನೆ!

ಪ್ರಾಧ್ಯಾಪಕರೇ, ಇಲ್ಲೊಂದು ತೊಡಕಿದೆ, ನಿಮ್ಮ ಪುಸ್ತಕಗಳಲ್ಲಿ ಇದು ಇರಲಾರದು. ನಮ್ಮಲ್ಲಿ ಹೆಂಡತಿಯ ಅಣ್ಣನ ಜೊತೆ ಪಂಥ ಕಟ್ಟಿ ಗೆದ್ದರೆ, ಗೆದ್ದ ದಿನದಿಂದ ಮನೆಯಲ್ಲಿ ಸಾರಿಗೆ ಉಪ್ಪಿರುವುದಿಲ್ಲ. ಸೋತರೆ ಮರ್ಯಾದೆ ಇರುವುದಿಲ್ಲ. ಉಳಿದದ್ದು ಒಂದೇ ದಾರಿ, ದೊಡ್ಡ ಮನಸ್ಸು ಮಾಡಿದ ಹಾಗೆ ನಟಿಸುವುದು. ಆರನೆಯ ಗುರುವಾರ ನಾನು ಕಾರಣದ ಚೌಕದಲ್ಲಿ ಬರೆದೆ: ‘ಭಾವಾ, ನೀನು ಹಿರಿಯ. ನಿನ್ನ ಮಾತಿಗೆ ಅಡ್ಡಿಯಿಲ್ಲ. ಎರಡು ಅಡಿ ಎರಡು ಇಂಚೇ ಇರಲಿ. ಅತ್ತೆ ಆರೋಗ್ಯವೇ?’ ಬುಧವಾರ ಉತ್ತರ ಬಂತು: ‘ಅತ್ತೆ ಚೊಲೋ ಇದಾರೆ. ಹಲಗೆ ಅಂಚು ಗುಂಡಗೆ ಮಾಡಿ, ಹಪ್ಪಳ ಒಡೀತದೆ.’ ಅಂಚು ಗುಂಡಗೆ ಮಾಡಿದೆ. ಮುಂದಿನ ವಾರ: ‘ಪ್ಲಾಸ್ಟಿಕ್ ಹಾಳೆ ಎಳೆಯೋಕೆ ಬಲಗಡೆ ಸಂದು ಬಿಡಿ.’ ಸಂದು ಬಿಟ್ಟೆ. ನನಗೆ ಒಂದೇ ಆಶ್ಚರ್ಯ. ನಮ್ಮ ಭಾವ ಜನ್ಮದಲ್ಲಿ ಹಪ್ಪಳ ಒತ್ತಿದ್ದು ಹಲ್ಲಿನ ನಡುವೆ ಮಾತ್ರ. ಇವನಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು? ಫಸ್ಟ್ ಕ್ಲಾಸಲ್ಲವೇ, ಓದಿಕೊಂಡಿರಬೇಕು ಎಂದುಕೊಂಡೆ.

ಮಣೆ ತಯಾರಾಯಿತು. ಬೆಣ್ಣೆಯ ಹಾಗೆ ಓಡುತ್ತದೆ. ಒಂದು ಯಂತ್ರ ಮೇಳಕ್ಕೆ ಒಯ್ದೆವು, ಮೊದಲ ಬಹುಮಾನ. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು, ನೀಲಾ ಅದನ್ನು ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದಳು. ನಾನು ಕೃತಘ್ನನಲ್ಲ. ಮನ್ಮನೆಗೆ ಹೋಗಿ, ಹತ್ತು ಜನರ ಎದುರು ಭಾವನ ಬೆನ್ನು ತಟ್ಟಿದೆ. “ಮಣೆಯ ಅರ್ಧ ಬುದ್ಧಿ ನಮ್ಮ ಭಾವನದು” ಎಂದೆ. ಭಾವ ಏನು ಹೇಳಿದ? ಗದ್ದ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, “ಹ್ಞೂಂ” ಎಂದ. ಎಂಥ ವಿನಯ ಎಂದುಕೊಂಡೆ ನಾನು.

ಎರಡು ವರ್ಷ ಹಾಗೇ ಹೋಯಿತು. ಕಳೆದ ತಿಂಗಳು ನಮ್ಮ ವೇದಿಕೆಯವರು ಸ್ಮರಣ ಸಂಚಿಕೆ ಮಾಡುತ್ತೇವೆ, ವಿನ್ಯಾಸ ಹೇಗೆ ಬೆಳೆಯಿತು ಎಂದು ಎರಡು ಪುಟ ಕೊಡಿ ಎಂದರು. ಸುಹಾಸ ‘ಇತಿಹಾಸ’ದ ಗುಂಡಿ ಒತ್ತಿ ಉದ್ದದ ಪಟ್ಟಿ ತೆಗೆದುಕೊಟ್ಟ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ತಿದ್ದಿದರು, ಎಲ್ಲ ಅದರಲ್ಲಿ! ‘ಮನ್ಮನೆ’ಯ ತಿದ್ದುಪಡಿಗಳೆಲ್ಲ ಬುಧವಾರ, ಹನ್ನೊಂದರಿಂದ ಹನ್ನೆರಡೂವರೆ. ಏಪ್ರಿಲ್ ನಾಲ್ಕರ ಬುಧವಾರವೂ ಒಂದಿದೆ. ಆ ಬುಧವಾರ ಹನ್ನೊಂದು ಗಂಟೆಗೆ ನಮ್ಮ ಭಾವ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಶಿರಸಿಯ ಆಸ್ಪತ್ರೆಯಲ್ಲಿ ಮಲಗಿದ್ದ. ಗಂಜಿ ಒಯ್ದವನು ನಾನೇ. ಅವನಿಗೆ ಆ ಹೊತ್ತು ಮಗ್ಗುಲು ತಿದ್ದಿಕೊಳ್ಳುವುದಕ್ಕೇ ಆಗುತ್ತಿರಲಿಲ್ಲ, ಹಿಡಿಕೆ ಎಲ್ಲಿ ತಿದ್ದುತ್ತಾನೆ?

ಫೋನು ಮಾಡಿದೆ. “ಭಾವಾ, ಆ ಪುಟ ತಿದ್ದಿದ್ದು ನೀನಲ್ದಾ?” ಭಾವ ಹೇಳಿದ: “ಎಂತ ಪುಟ ಮಾರಾಯಾ? ಯಂಗೆ ಕಂಪ್ಯೂಟರು ಯಾವ ಬದಿಂದ ತೆಗೆಯದು ಹೇಳೇ ಗೊತ್ತಿಲ್ಲೆ.” “ಹಂಗಾದ್ರೆ ಅವತ್ತು ಹತ್ತು ಜನರ ಎದುರು ಹ್ಞೂಂ ಅಂದಿದ್ದೆಂತಕ್ಕೆ?” “ಯನ್ನ ಬಾಯಲ್ಲಿ ಕವಳ ಇತ್ತು ಭಾವಾ. ಉಗಿದು ಬಂದು ಆನಲ್ಲ ಹೇಳನ ಹೇಳಿ ಎದ್ದಿ. ಅಷ್ಟೊತ್ತಿಗೆ ನೀನು ಬಸ್ಸು ಹತ್ತಿಬಿಟ್ಟಿದ್ದೆ.” ಪ್ರಾಧ್ಯಾಪಕರೇ, ನಮ್ಮ ಮನೆಮಾತಿನಲ್ಲಿ ‘ಆನು’ ಅಂದರೆ ನಾನು, ‘ಹೇಳಿ’ ಅಂದರೆ ಎಂದು. ಸಭಿಕರೇ, ಎರಡು ವರ್ಷ ಆ ಕೀರ್ತಿಯನ್ನು ನಮ್ಮ ಭಾವ ಅನುಭವಿಸಿದ್ದು ಹೀಗೆ, ಬಾಯಿ ತೆರೆಯಲು ಆಗದೆ. ಅಲ್ಲಿ ಕಿಟಕಿಯ ಹತ್ತಿರ ನೋಡಿ, ಈಗಲೂ ಗದ್ದ ಮೇಲೆತ್ತಿಯೇ ಕೂತಿದ್ದಾನೆ.

ಹಾಗಾದರೆ ತಿದ್ದಿದವರು ಯಾರು? ಹುಡುಕಬೇಕೋ ಬೇಡವೋ? ನಾನು ಸುಹಾಸನಿಗೆ ಮೆಲ್ಲಗೆ ಹೇಳಿದೆ, “ತಮಾ, ಈ ಇತಿಹಾಸ ಸುಮ್ಮನೆ ಉದ್ದವಾಯಿತು, ಅಳಿಸಿಬಿಡು” ಎಂದು. ಆ ಎಡಗಿವಿಯವನು ನನ್ನ ಮುಖ ನೋಡಿ ಅಂದ: “ಮಾಸ್ತರೇ, ಅಳಿಸಿದ್ರೆ ಅಳಿಸಿದ್ದೂ ಬರ್ತದೆ, ಅಳಿಸಿದೋರ ಹೆಸರೂ ಬರ್ತದೆ.” ಈ ಅಳಿಸುವ ವಿಷಯ ನಾನು ಹೇಳಬೇಕೆಂದಿರಲಿಲ್ಲ. ಬಾಯಿ ತಪ್ಪಿ ಬಂತು. ಸ್ಮರಣ ಸಂಚಿಕೆಯವರು ಬರೆದುಕೊಳ್ಳುತ್ತಿದ್ದಾರೆ, ಬರೆದುಕೊಳ್ಳಲಿ ಬಿಡಿ.

ಮುಂದಿನ ಬುಧವಾರ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಅಲ್ಲಿಯ ಸೈಬರ್ ಕೆಫೆಯಲ್ಲಿ ಹನ್ನೊಂದು ಗಂಟೆಯಿಂದ ಬಾಗಿಲ ಹತ್ತಿರ ಪತ್ರಿಕೆ ಅಡ್ಡ ಹಿಡಿದು ಕುಳಿತೆ, ಪತ್ತೇದಾರನ ಹಾಗೆ. ಹನ್ನೊಂದೂಕಾಲಿಗೆ ನಲವತ್ತು ದಾಟಿದ ಒಬ್ಬ ಹೆಂಗಸು ಬಂದಳು. ಬಂದರು. ಕೈಚೀಲದಲ್ಲಿ ಸಂಘದ ಕಾಗದಪತ್ರ. ಚಪ್ಪಲಿ ಹೊರಗೆ ಬಿಟ್ಟು, ಮೂರನೆಯ ಯಂತ್ರದ ಮುಂದೆ ಕುಳಿತು, ಎರಡೇ ಬೆರಳಿನಲ್ಲಿ ಟಕಟಕ ಹೊಡೆಯತೊಡಗಿದರು. ಹಿಂದೆ ಹೋಗಿ ಇಣುಕಿದೆ. ಪರದೆಯ ಮೇಲೆ ನನ್ನ ಮಣೆ! ಅವರ ಹೆಸರು ಮಂಜಿ, ಕೆರಿಯಪ್ಪ ನಾಯ್ಕರ ಮಗಳು, ಮನ್ಮನೆಯ ಹಪ್ಪಳದ ಸಂಘದ ಕಾರ್ಯದರ್ಶಿ. ಏಳನೆಯ ತರಗತಿ ಓದಿದವರು. ಸಂಘದ ಅರ್ಜಿಗಳನ್ನು ಬೇರೆಯವರ ಕೈಯಲ್ಲಿ ಬರೆಸಿ ಬರೆಸಿ ಬೇಜಾರಾಗಿ ತಾವೇ ಟೈಪಿಂಗ್ ಕಲಿತವರು.

ನಾನು ಕೇಳಿದೆ: “ಹಿಡಿಕೆ ತಿದ್ದಿದ್ದು ನೀನಾ?”

“ಹೌದ್ರಾ ಮಾಸ್ತರೇ. ಯಾರು ಬೇಕಾದ್ರೂ ತಿದ್ದಿ ಅಂತ ಗೋಡೆ ಮೇಲೆ ಹಾಕಿದ್ರಲ್ರಾ.”

“ಮತ್ತೆ ನಾನು ಭಾವಾ ಭಾವಾ ಅಂತ ಬರೆದೆನಲ್ಲ, ನಾನು ಭಾವ ಅಲ್ಲ ಅಂತ ಯಾಕೆ ಹೇಳಲಿಲ್ಲ?”

ಮಂಜಿ ನಕ್ಕರು. “ಮೊದಲು ಎಲ್ಲಾರನ್ನೂ ಹಂಗೇ ಕರೀತಾರೇನೋ ಅಂದ್ಕಂಡೆ. ಅತ್ತೆ ಹೆಂಗಿದಾರೆ ಅಂತ ಕೇಳಿದ್ರಿ, ನಮ್ಮತ್ತೆ ಚೊಲೋ ಇದ್ರು, ಬರ್ದೆ. ಆಮೇಲೆ ತಿಳೀತು, ನೀವು ರಾಮ ಹೆಗಡೇರು ಅಂತ ತಿಳ್ಕಂಡೀರಿ ಅಂತ. ಆಗ್ಲಿ ಬಿಡಿ ಅಂದ್ಕಂಡೆ.” ಕೈಚೀಲದ ಕಾಗದಪತ್ರ ಜೋಡಿಸಿಕೊಳ್ಳುತ್ತ ಅಂದರು: “ಮಂಜಿ ಅಂತ ಹೇಳಿದ್ರೆ ಹಿಡಿಕೆ ಕೆಳಗೆ ಬರ್ತಿತ್ರಾ ಮಾಸ್ತರೇ? ನಂಗೆ ಹಿಡಿಕೆ ಕೆಳಗೆ ಬರ್ಬೇಕಿತ್ತು, ಅಷ್ಟೇಯ.”

ಬರುತ್ತಿತ್ತೇ? ನೀವೇ ಹೇಳಿ, ಬರುತ್ತಿತ್ತೇ? ಐದು ವಾರ ಅದೇ ಅಳತೆ, ಅದೇ ಕಾರಣ. ತಿದ್ದಿದವರು ಭಾವ ಎಂದು ತಿಳಿದ ಗುರುವಾರ ನಾನು ಒಪ್ಪಿದೆ. ನಿಜಕ್ಕೂ ಕೂತು ಒತ್ತಿ ನೋಡಿದೆನೇ? ಅದೂ ಇಲ್ಲ. ನನಗೆ ನಾಚಿಕೆಯಾಯಿತು ಸಭಿಕರೇ. ಅಲ್ಲೇ, ಆ ಯಂತ್ರಗಳ ನಡುವೆ, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

“ಎರಡು ಅಡಿ ಎರಡು ಇಂಚು ಎಲ್ಲಿಂದ ಬಂತು?” ಎಂದು ಕೇಳಿದೆ. “ಬರ್ರಾ, ತೋರಿಸ್ತೆ” ಎಂದು ಮನ್ಮನೆಗೆ ಕರೆದೊಯ್ದರು. ಸಂಘದ ಕೋಣೆಯ ಗೋಡೆಯ ಮೇಲೆ, ನೆಲದಿಂದ ಎರಡಡಿಯ ಆಸುಪಾಸಿನಲ್ಲಿ, ಇದ್ದಿಲಿನ ಹನ್ನೊಂದು ಗೆರೆ. ಪಕ್ಕದಲ್ಲಿ ಹೆಸರು. ಸಂಘದ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕೂರುವ ಮಣೆಯ ಮೇಲೆ ಕೂರಿಸಿ, ಬೆನ್ನು ಗೋಡೆಗೆ ತಾಗಿಸಿ, ಭುಜದ ಮಟ್ಟಕ್ಕೆ ಗೆರೆ ಎಳೆದಿದ್ದರು. ಎಲ್ಲಕ್ಕಿಂತ ಮೇಲಿನದು ಶಾರದವ್ವ, ಎಲ್ಲಕ್ಕಿಂತ ಕೆಳಗಿನದು ದುರ್ಗಮ್ಮ. ನಡುವಿನದು ಎರಡು ಅಡಿ ಎರಡು ಇಂಚು. ನಾನು ನಿಂತು ಒತ್ತಿದ್ದು ಒಂದು ಹಪ್ಪಳ. ಅವರು ಕೂತು ಒತ್ತುವುದು ದಿನಕ್ಕೆ ಆರುನೂರು. ಉಂಡೆ ನೆಲದ ಮೇಲೆ, ಎಣ್ಣೆ ನೆಲದ ಮೇಲೆ, ಚಾಪೆ ನೆಲದ ಮೇಲೆ. ಎದ್ದು ನಿಂತು ಯಾರು ಒತ್ತುತ್ತಾರೆ? ನನ್ನ ಮೂರಡಿಯ ಹಿಡಿಕೆ ಕೂತವರ ತಲೆಯ ಮೇಲೆ ಬರುತ್ತಿತ್ತು. ಆರುನೂರು ಸಲ ತಲೆಯ ಮೇಲೆ ಕೈ ಎತ್ತಿದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಬಹುದಿತ್ತು. ನಮ್ಮ ಅಮ್ಮನ ಕೈ ಎಲ್ಲಿಯ ತನಕ ಏಳುತ್ತಿತ್ತು ಎಂದು ಆಗಲೇ ಹೇಳಿದೆನಲ್ಲ.

ಮನೆಗೆ ಬಂದು ನೀಲಾಳಿಗೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಅವತ್ತು ಜಗಲಿ ಮೇಲೆ ಆನೂ ಅದನ್ನೇ ಹೇಳಿದ್ದಿ. ಆನು ಯಾವತ್ತಾದ್ರೂ ನಿಂತ್ಕಂಡು ಹಪ್ಪಳ ಮಾಡಿದ್ದು ನೋಡಿದ್ರಾ ಹೇಳಿ. ನಿಂಗಕ್ಕೆ ಕೇಳಿದ್ದಿಲ್ಲೆ” ಎಂದಳು. ಅಂತರ್ಜಾಲ ಹಾಕಿಸಿ, ಮೂರು ತಾಲೂಕಿನಲ್ಲಿ ಪ್ರಕಟಣೆ ಅಂಟಿಸಿ ನಾನು ಹುಡುಕಿದ ಸಲಹೆ ನಮ್ಮ ಜಗಲಿಯ ಮೇಲೇ ಬಿದ್ದಿತ್ತು! ಪ್ರಾಧ್ಯಾಪಕರೇ, ಸಾಮೂಹಿಕ ವಿನ್ಯಾಸದ ಬಗ್ಗೆ ನನ್ನ ಸಂಶೋಧನೆ ಇಷ್ಟೇ. ಬೇಕಾದರೆ ಬರೆದುಕೊಳ್ಳಿ.

ಈಗ ಫಲಕ. ಕಳೆದ ಮಂಗಳವಾರ ಸಂಜೆ ಸುಹಾಸನ ಅಂಗಡಿಗೆ ಹೋಗಿ ಪುಟ ತೆರೆದೆ. ‘ವಿನ್ಯಾಸ: ಸುಬ್ರಾಯ ಹೆಗಡೆ’ ಎಂದಿದ್ದುದನ್ನು ನಾನೇ ಹೊಡೆದೆ. ಹೊಡೆಯಲು ಹತ್ತು ನಿಮಿಷ ಹಿಡಿಯಿತು. ಟೈಪಿಂಗ್ ಬಾರದೆ ಅಲ್ಲ. ‘ವಿನ್ಯಾಸ: ಮಂಜಿ, ಮನ್ಮನೆ’ ಎಂದು ಬರೆದೆ. ಕಾರಣದ ಚೌಕದಲ್ಲಿ ‘ತಪ್ಪಾಗಿತ್ತು’ ಎಂದು ಹಾಕಿದೆ. ಮಹಾ ತ್ಯಾಗ ಮಾಡಿದೆ, ಇನ್ನು ಮಂಜಿ ಕಣ್ಣೀರು ಹಾಕುತ್ತಾರೆ, ಯಾರೋ ಬಂದು ನನ್ನ ಕಾಲಿಗೆ ಬೀಳುತ್ತಾರೆ ಎಂದೆಲ್ಲ ಎಣಿಸಿಕೊಂಡು ಮಲಗಿದೆ. ಬುಧವಾರ ಹನ್ನೊಂದೂ ನಲವತ್ತಕ್ಕೆ ಪುಟವನ್ನು ಮತ್ತೆ ತಿದ್ದಿ ಆಗಿತ್ತು! ಸಂಘದ ಹನ್ನೊಂದೂ ಹೆಸರು, ಗೋಡೆಯ ಮೇಲಿನ ಸಾಲಿನಲ್ಲೇ, ಶಾರದವ್ವನಿಂದ ದುರ್ಗಮ್ಮನ ತನಕ. ಮಂಜಿಯ ಹೆಸರು ಏಳನೆಯದು. ಹನ್ನೆರಡನೆಯದು, ‘ಪಾಟಾ: ಸಂಜಯ’. ಹದಿಮೂರನೆಯದು, ‘ಚಿತ್ರ: ಮಾಸ್ತರು’. ಕಾರಣದ ಚೌಕದಲ್ಲಿ ಬರೆದಿದ್ದರು: ‘ಜನ ಬಿಟ್ಟು ಹೋಗಿದ್ರು. ಚಿತ್ರ ಚೊಲೋ ಇದೆ.’

ಮೂವತ್ತೊಂದು ವರ್ಷದಲ್ಲಿ ನನ್ನ ಚಿತ್ರ ಚೊಲೋ ಇದೆ ಎಂದು ಬರೆದುಕೊಟ್ಟವರು ಇವರೊಬ್ಬರೇ. ಮೀನಿನದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಜಯನಿಗೆ ಫೋನು ಮಾಡಿದೆ. “ಮಾಸ್ತರ್, ನಲವತ್ತೂ ಫಲಕ ನಿಮ್ಮ ಹೆಸರಿನ್ಯಾಗ ಕೆತ್ತಿ ಆಗೇತ್ರಿ. ಈಗ ಹಿತ್ತಾಳಿ ಎಲ್ಲಿಂದ ತರ್ಲಿ?” ಎಂದು ತಲೆ ಚಚ್ಚಿಕೊಂಡ. “ಹಿಂಬದಿ ಖಾಲಿ ಇದೆಯಲ್ಲ ಮಾರಾಯ, ತಿರುವಿ ಹಾಕು” ಎಂದೆ. ಮೂರು ದಿನ ಕೂತು ತಿರುವಿ ಕೆತ್ತಿದ್ದಾನೆ. ಅಕ್ಷರ ಸಣ್ಣದಾಗಿದೆ, ಕನ್ನಡಕ ಹಾಕಿಕೊಂಡು ಓದಿ. ವೇದಿಕೆಯ ಪದಾಧಿಕಾರಿಗಳೇ, ನಿಮ್ಮನ್ನು ಕೇಳದೆ ಮಾಡಿದ್ದೇನೆ. ಸಿಟ್ಟು ಬಂದರೆ ಯಾರು ಬೇಕಾದರೂ ತಿದ್ದಬಹುದು, ಕಾರಣ ಮಾತ್ರ ಬರೆಯಬೇಕು.

ಈ ಸಭಾಭವನದ ಹಿಂಬದಿಯಿಂದ ಆಗಲಿಂದ ಎಣ್ಣೆಯ ವಾಸನೆ ಬರುತ್ತಿದೆ, ನಿಮ್ಮಲ್ಲಿ ಅರ್ಧ ಜನ ಅದಕ್ಕಾಗಿಯೇ ಇಷ್ಟು ಹೊತ್ತು ಕೂತಿದ್ದೀರಿ. ಅಲ್ಲಿ ನಿಮಗಾಗಿ ಹಪ್ಪಳ ಕರಿಯುತ್ತಿರುವವರು ಮಂಜಿಯವರು, ಶಾರದವ್ವ, ದುರ್ಗಮ್ಮ ಮತ್ತು ಉಳಿದ ಎಂಟು ಜನ. ನಾವು ಅವರಿಗೆ ಆಮಂತ್ರಣ ಕೊಡಲಿಲ್ಲ, ಬಾಣಲೆ ಕೊಟ್ಟೆವು. ಮಂಜಿಯವರೇ, ಒಲೆ ಆರಿಸಿ ಎಲ್ಲರೂ ಮುಂದೆ ಬನ್ನಿ. ಮುಂದಿನ ಸಾಲಿನವರು ದಯವಿಟ್ಟು ಎದ್ದು ಜಾಗ ಕೊಡಿ. ನೀಲಾ, ನೀನು ಕೂತಿರು. ಅಧ್ಯಕ್ಷರೇ, ಬಟ್ಟೆ ಎತ್ತುವ ಮೊದಲು ಆ ಮಣೆಯನ್ನು ಮೇಜಿನಿಂದ ಇಳಿಸಬೇಕು. ಅದರ ಜಾಗ ನೆಲ. ಮೊದಲ ಹಪ್ಪಳ ಒತ್ತಿ ಉದ್ಘಾಟಿಸುವವರು ನೀವೇ ಅಲ್ಲವೇ? ಹಾಗಾದರೆ ಪಂಚೆ ಸರಿ ಮಾಡಿಕೊಂಡು ತಾವೂ ನೆಲಕ್ಕೆ ಬರಬೇಕಾಗುತ್ತದೆ.

ನನ್ನ ಹೆಸರಿಗೆ ಏನಾಯಿತು ಎಂದು ಭಾವ ಕಿಟಕಿಯಿಂದ ಕಣ್ಣಲ್ಲೇ ಕೇಳುತ್ತಿದ್ದಾನೆ. ಎಲ್ಲೂ ಹೋಗಿಲ್ಲ ಭಾವಾ. ಫಲಕದ ಒಳಮುಖದಲ್ಲಿ, ಮರಕ್ಕೆ ಅಂಟಿಕೊಂಡು, ನಲವತ್ತು ಮಣೆಯಲ್ಲೂ ಇದೆ. ಯಾರಿಗೂ ಕಾಣಿಸುವುದಿಲ್ಲ, ಆದರೆ ಪ್ರತಿ ಹಪ್ಪಳ ಒತ್ತುವಾಗಲೂ ಮೇಲೆ ಕೂತಿರುತ್ತದೆ. ಕೂರು, ಏಳು, ಕೂರು, ಏಳು. ಅಮ್ಮ ಹಲಗೆಯ ಮೇಲೆ ಕೂರಿಸಿದಾಗಲೂ ನನಗೆ ಕೊಟ್ಟ ಕೆಲಸ ಇದೇ ಆಗಿತ್ತು.

ಶಾಲು ಹೊದಿಸಿದವರಿಗೆ, ಹದಿನೈದು ನಿಮಿಷವನ್ನು ಮುಕ್ಕಾಲು ಗಂಟೆ ಮಾಡಿದರೂ ಮೈಕು ಕಿತ್ತುಕೊಳ್ಳದವರಿಗೆ, ಕಿವಿ ಹಿಂಡಿಸಿಕೊಂಡರೂ ನಿಜ ಹೇಳಿದ ಸುಹಾಸನಿಗೆ, ಮತ್ತು ನನ್ನ ಅಳತೆಯನ್ನು ಐದು ವಾರ ಬಿಡದೆ ತಿದ್ದಿದ ಆ ಎರಡು ಬೆರಳಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.